ಕುರ್ಚಿ ಬಂತು, ಠರಾವು ಎಲ್ಲಿ?



2024ರ ಫೆಬ್ರವರಿಯಲ್ಲಿ ಬೆಳಗಾವಿ ಮಹಾನಗರ ಪಾಲಿಕೆಯ ಮೇಯರ್ ಕುರ್ಚಿ ಪರಿಶಿಷ್ಟ ಜಾತಿಯ ಮಹಿಳೆಯ ಸರದಿಗೆ ಬಂತು. ಸವಿತಾ ಕಾಂಬಳೆ ಅವಿರೋಧವಾಗಿ ಆಯ್ಕೆಯಾದರು. ಊರ ಹೊರಗೆ ನಿಲ್ಲಿಸಿದ್ದ ಜನದ ಹೆಣ್ಣುಮಗಳು ಊರಿನ ಮೊದಲ ಪ್ರಜೆ ಅನಿಸಿಕೊಳ್ಳೋದು ಸಣ್ಣ ಮಾತಲ್ಲ. ಸಂತೋಷ ಪಡೋಣ. ಆದರೆ ಮೇಯರ್ ಅವಧಿ ಒಂದೇ ವರ್ಷ. 2025ರ ಮಾರ್ಚಿನಲ್ಲಿ ಆ ಕುರ್ಚಿಯಲ್ಲಿ ಬೇರೆಯವರು ಕುಂತರು. ಸರದಿ ಅಂದರೆ ಹಂಗ, ಬರ್ತೈತಿ, ಹೋಗ್ತೈತಿ. ನಾವು ಕೇಳಬೇಕಾದ್ದು ಒಂದೇ: ಬಂದು ಹೋಗುವ ನಡುವೆ ನಮ್ಮ ಕೇರಿಗೆ ಏನು ಬರೆದಿಟ್ಟು ಹೋಯಿತು?

ಮೊದಲು ಈ ಕುರ್ಚಿಯ ಕಾಲು ಎಷ್ಟು ಗಟ್ಟಿ ನೋಡೋಣ. ಬೆಳಗಾವಿಯ ಜನ 58 ಮಂದಿಯನ್ನು ಆರಿಸಿದ್ದು 2021ರ ಸೆಪ್ಟೆಂಬರಿನಲ್ಲಿ. ಮೇಯರ್ ಆಯ್ಕೆ ಆದದ್ದು 2023ರ ಫೆಬ್ರವರಿಯಲ್ಲಿ. ಹದಿನೇಳು ತಿಂಗಳು! ನಮ್ಮ ಊರುಗಳ ಕತೆ ಇನ್ನೂ ಕಡೆ. ಬೈಲಹೊಂಗಲ, ಸವದತ್ತಿ, ರಾಮದುರ್ಗ ಪುರಸಭೆಗಳಿಗೆ 2018ರ ಆಗಸ್ಟ್ 31ರಂದು ಮತದಾನ ಆಯಿತು. ಅಧ್ಯಕ್ಷಗಿರಿಯ ಮೀಸಲಾತಿ ಪಟ್ಟಿ ಹೈಕೋರ್ಟಿನ ಮೆಟ್ಟಿಲು ಹತ್ತಿತು. ಎರಡು ವರ್ಷ ಗೆದ್ದವರು ಸೋತವರಂಗ ಮನೆಯಲ್ಲಿ ಕುಂತರು. ಮೊದಲ ಅವಧಿ 2023ರಲ್ಲಿ ಮುಗಿದ ಮೇಲೆ, ಎರಡನೆಯ ಅವಧಿಯ ಪಟ್ಟಿ ಬಂದದ್ದು 2024ರ ಆಗಸ್ಟಿನಲ್ಲಿ. ಆ ನಡುವೆ ಆಳಿದವರು ಯಾರೂ ಆರಿಸದ ಆಡಳಿತಾಧಿಕಾರಿಗಳು. ಮೀಸಲಾತಿಯಿಂದಲೇ ತಡವಾಯಿತು ಅಂತ ನಮ್ಮನ್ನು ದೂರುವವರೂ ಉಂಟು. ಪಟ್ಟಿ ನೆಟ್ಟಗೆ ಮಾಡುವುದು ಸರಕಾರದ ಕೆಲಸ, ಕೇರಿಯ ಕೆಲಸ ಅಲ್ಲ.

ಕುರ್ಚಿ ಸಿಕ್ಕರೂ ಪೆನ್ನು ಸಿಗೋದಿಲ್ಲ. ಪಾಲಿಕೆಯಲ್ಲಿ ಕಾರ್ಯಾಧಿಕಾರ ಆಯುಕ್ತರದು, ಪುರಸಭೆ ಕಚೇರಿ ಮುಖ್ಯಾಧಿಕಾರಿಯ ಕೈಯಲ್ಲಿ. ಮೇಯರನ್ನು ಜನ ಆರಿಸೋದಿಲ್ಲ, ಸದಸ್ಯರು ಆರಿಸುತ್ತಾರೆ, ಜೊತೆಗೆ ಶಾಸಕರು ಮತ್ತು ಸಂಸದರೂ ಕೈ ಎತ್ತುತ್ತಾರೆ. ಶಾಸಕರ ಕೈ ಎತ್ತ ಏಳುತ್ತದೋ ಅತ್ತ ಉಳಿದ ಕೈಗಳು. 1932ರ ಪುಣೆ ಒಪ್ಪಂದದಿಂದ ಈಚೆಗೆ ಮೀಸಲು ಸ್ಥಾನದ ನಮ್ಮವನು ಎಲ್ಲರ ಮತದಿಂದ ಗೆಲ್ಲಬೇಕು. ಮತ ಬೇಕಾದವನು ಮುಖ ನೋಡಿ ಮಾತಾಡತಾನ. ಅವನನ್ನು ಬೈದು ಫಲ ಇಲ್ಲ. ಅವನ ಹಿಂದೆ ಕೇರಿ ನಿಂತಿತ್ತೇ?

ಹಳೆಯದೊಂದು ನೆನಪು ಮಾಡಿಕೊಳ್ಳಿ. 1923ರಲ್ಲಿ ಎಸ್.ಕೆ. ಬೋಲೆ ಅವರು ಮುಂಬೈ ಶಾಸನ ಸಭೆಯಲ್ಲಿ ಠರಾವು ಪಾಸು ಮಾಡಿಸಿದರು: ಸಾರ್ವಜನಿಕ ಹಣದ ಕೆರೆ, ಬಾವಿ, ಧರ್ಮಶಾಲೆ ಅಸ್ಪೃಶ್ಯರಿಗೂ ತೆರೆದಿರಬೇಕು. ಆಗ ಕಿತ್ತೂರು, ಬೈಲಹೊಂಗಲ, ಸವದತ್ತಿ ಎಲ್ಲ ಮುಂಬೈ ಪ್ರಾಂತದಲ್ಲೇ ಇದ್ದವು, ರಾಮದುರ್ಗ ಮಾತ್ರ ಸಂಸ್ಥಾನ. ಮಹಾಡದ ಪುರಸಭೆ 1924ರಲ್ಲಿ ತಾನೂ ಹಾಗೆಯೇ ಬರೆದುಕೊಂಡಿತು. ಕೆರೆಯ ನೀರು ನಮ್ಮವರ ಬೊಗಸೆಗೆ ಬರಲು ಬಾಬಾಸಾಹೇಬರು 1927ರ ಮಾರ್ಚ್ 20ರಂದು ಜನರನ್ನು ಕಟ್ಟಿಕೊಂಡು ನಡೆಯಬೇಕಾಯಿತು. ಅದೇ ವರ್ಷ ಆಗಸ್ಟಿನಲ್ಲಿ ಅದೇ ಪುರಸಭೆ ತನ್ನ ಠರಾವನ್ನೇ ರದ್ದು ಮಾಡಿತು. ಕೋರ್ಟಿನ ಜಗಳ ಮುಗಿದದ್ದು 1937ರಲ್ಲಿ. ಬರೆದ ಕೈಯೇ ಅಳಿಸಿತು, ಯಾರೂ ನೋಡದ ವೇಳೆ ಹಿಡಿದು.

ಈಗ ನಮ್ಮ ಪುರಸಭೆಗಳಲ್ಲಿ ನೋಡಬೇಕಾದ್ದು ಶೇ 24.10ರ ನಿಧಿ ಎಂದೇ ಹೆಸರಾದ ಹಣ. ಪರಿಶಿಷ್ಟ ಜಾತಿ, ಪಂಗಡದವರಿಗೆಂದು ಊರಿನ ಸಂಸ್ಥೆಗಳು ತೆಗೆದಿಡಬೇಕಾದ ಪಾಲು ಅದು. ಕೇರಿಯ ನೀರು, ಚರಂಡಿ ಅದರಲ್ಲಿ ಬರ್ತಾವ; ಓದುವ ಹುಡುಗ ಹುಡುಗಿಯರ ಶುಲ್ಕಕ್ಕೆ ನೆರವೂ ಬರ್ತೈತಿ. ಫೀ ಕಟ್ಟಲಾರದೆ ಓದು ಬಿಟ್ಟು ಊರಿಗೆ ಹೋದ ಗೆಳೆಯರನ್ನು ನಾವೆಲ್ಲ ಕಂಡಿದ್ದೇವೆ. ಅವರ ಪಾಲು ಯಾವ ವಾರ್ಡಿನ ಯಾವ ಕೆಲಸಕ್ಕೆ ಹೋಯಿತು? ಅದು ಅಧ್ಯಕ್ಷರ ಹಾರದಲ್ಲಿ ಕಾಣೋದಿಲ್ಲ, ಸಾಮಾನ್ಯ ಸಭೆಯ ನಡಾವಳಿಯಲ್ಲಿ ಕಾಣತೈತಿ.

ನಡಾವಳಿ ಗುಟ್ಟಿನ ಪುಸ್ತಕ ಅಲ್ಲ. 2005ರ ಮಾಹಿತಿ ಹಕ್ಕಿನ ಕಾಯ್ದೆಯಡಿ ಹತ್ತು ರೂಪಾಯಿ ಕಟ್ಟಿ ಅರ್ಜಿ ಹಾಕ್ರಿ, 30 ದಿನದಲ್ಲಿ ಉತ್ತರ ಕೊಡಬೇಕು. ಒಂದು ಅರ್ಜಿಗೆ ಒಂದೇ ವಿಷಯ, 150 ಪದ ದಾಟಬಾರದು ಅಂತ ಕರ್ನಾಟಕದ ನಿಯಮ ಐತಿ. ಬಿ.ಎ. ಓದುವವರಿಗೆ 150 ಪದ ಹೆಚ್ಚೇ ಆಯಿತು. ಬೈಲಹೊಂಗಲದವರು ಬೈಲಹೊಂಗಲಕ್ಕೆ, ಸವದತ್ತಿಯವರು ಸವದತ್ತಿಗೆ, ರಾಮದುರ್ಗದವರು ರಾಮದುರ್ಗಕ್ಕೆ, ಕಿತ್ತೂರಿನವರು ಪಟ್ಟಣ ಪಂಚಾಯಿತಿಗೆ. ನಕಲು ಕೈಗೆ ಬಂದ ಮೇಲೆ ಮುಂದಿನ ಸಭೆಗೆ ತಗೊಂಡು ಬರ್ರಿ, ಕೂಡಿ ಓದೋಣ.