ಡಾಲ್ಫಿನ್ ಬೆನ್ನಟ್ಟುವ ಪ್ರವಾಸೋದ್ಯಮ

ಬೆಂಗಳೂರಿನ ಪೂರ್ವದಂಚಿನ ಕಾಡುಗೋಡಿಯಿಂದ ಕಾರವಾರಕ್ಕೆ 500ಕ್ಕೂ ಹೆಚ್ಚು ಕಿಲೋಮೀಟರ್. ಶುಕ್ರವಾರ ಐಟಿ ಕಂಪನಿಯ ಕೆಲಸ ಮುಗಿಸಿ ರಾತ್ರಿ ಬಸ್ಸು ಹತ್ತಿದವರು ಘಟ್ಟವಿಳಿದು ದೋಣಿಯೇರುತ್ತಾರೆ. ಬೆಳಿಗ್ಗೆ ಡಾಲ್ಫಿನ್, ಮಧ್ಯಾಹ್ನ ದ್ವೀಪದ ಮರಳು, ಸಂಜೆ ಮತ್ತೆ ಬಸ್ಸು. ಇದಕ್ಕೆ ‘ಪರಿಸರ ಪ್ರವಾಸ’ವೆಂಬ ಗೌರವದ ಹೆಸರು. ಘಟ್ಟದ ಮೇಲಿನ ಊರುಗಳಿಗೆ ಈ ಹೆಸರು ಹೊಸತೇನಲ್ಲ. ಗುಡ್ಡಗಳ ಮೇಲೆ ಜೀಪುಗಳು ಹತ್ತಿದ್ದೂ ಇದೇ ಹೆಸರಿನಲ್ಲಿ.

ದೇವಬಾಗ, ಕೂರ್ಮಗಡಗಳ ಸುತ್ತ ಕಾಣಿಸುವುದು ಮುಖ್ಯವಾಗಿ ಗೂನುಬೆನ್ನಿನ ಡಾಲ್ಫಿನ್. ಇದು ತಿಮಿಂಗಿಲಗಳ ಬಳಗಕ್ಕೇ ಸೇರಿದ್ದರೂ ಆಳಸಮುದ್ರದ ಜೀವಿಯಲ್ಲ. ದಡಕ್ಕೆ ಹತ್ತಿರದ, ಬಹುತೇಕ 25 ಮೀಟರಿಗಿಂತ ಕಡಿಮೆ ಆಳದ ನೀರು ಹಾಗೂ ನದಿಗಳ ಅಳಿವೆ, ಇವೇ ಅದರ ನೆಲೆ. ಇಲ್ಲಿಂದ ಓಡಿಸಿದರೆ ಅದು ಹೋಗುವುದಾದರೂ ಎಲ್ಲಿಗೆ? ಅದು ಬೇಟೆಯನ್ನು ಹುಡುಕುವುದು ಶಬ್ದದಿಂದ, ಮರಿಯೊಡನೆ ಸಂಪರ್ಕವಿಟ್ಟುಕೊಳ್ಳುವುದೂ ಶಬ್ದದಿಂದ. ಎಂಜಿನ್ನುಗಳ ಮೊರೆತದಲ್ಲಿ ಅದು ಕಿವುಡಾಗುತ್ತದೆ. ಒಮ್ಮೆಗೆ ಒಂದೇ ಮರಿ ಹಾಕುವ, ಅದೂ ವರ್ಷಗಳ ಅಂತರದಲ್ಲಿ ಹಾಕುವ ಈ ಪ್ರಾಣಿಯನ್ನು ಅಂತಾರಾಷ್ಟ್ರೀಯ ಕೆಂಪುಪಟ್ಟಿ ಅಳಿವಿನಂಚಿನ ಜೀವಿಗಳ ಸಾಲಿಗೆ ಸೇರಿಸಿದೆ. 1972ರ ವನ್ಯಜೀವಿ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಹುಲಿಯೊಡನೆ ಡಾಲ್ಫಿನ್ ಕೂಡ ಇದೆ. ಹುಲಿಯನ್ನು ನಾಲ್ಕು ಜೀಪುಗಳು ಸುತ್ತುಗಟ್ಟಿದರೆ ಪತ್ರಿಕೆಗಳಲ್ಲಿ ಸುದ್ದಿಯಾಗುತ್ತದೆ. ಡಾಲ್ಫಿನ್‌ಗಳನ್ನು ದೋಣಿಗಳು ಸುತ್ತುಗಟ್ಟಿದರೆ ಚಪ್ಪಾಳೆ ಬೀಳುತ್ತದೆ.

ತಪ್ಪನ್ನು ದೋಣಿಯವರ ತಲೆಗೆ ಕಟ್ಟುವುದು ಸುಲಭ, ಆದರೆ ಅನ್ಯಾಯ. ಸೀಬರ್ಡ್ ನೌಕಾನೆಲೆಗಾಗಿ ಊರು ಬಿಟ್ಟೆದ್ದ ಮೀನುಗಾರರ ಕರಾವಳಿಯಿದು. ಬಲೆಗೆ ಮೀನು ಬೀಳದ ದಿನ ಪ್ರವಾಸಿಗರನ್ನು ಕರೆದೊಯ್ಯುವವನಿಗೆ ‘ಇನ್ನೂ ಹತ್ತಿರ ಹೋಗು’ ಎನ್ನುವುದು ಟಿಕೆಟ್ಟಿಗೆ ದುಡ್ಡು ತೆತ್ತವನು. ಕಡಲಲ್ಲಿ ಜನರನ್ನು ಸಾಗಿಸುವುದು ಆಟವೂ ಅಲ್ಲ. 2019ರ ಜನವರಿ 21ರಂದು ಕೂರ್ಮಗಡದ ನರಸಿಂಹ ಜಾತ್ರೆಯಿಂದ ಹಿಂದಿರುಗುತ್ತಿದ್ದ ದೋಣಿ ಮಗುಚಿ 16 ಜನ ಸತ್ತರು.

ಇತ್ತ ಕಾಡುಗೋಡಿಯ ಹೆಸರಿನಲ್ಲೇ ಕಾಡಿದೆ. 1896ರಲ್ಲಿ ಅಲ್ಲಿನ 711 ಎಕರೆಯನ್ನು ಅರಣ್ಯವೆಂದು ಘೋಷಿಸಲಾಗಿತ್ತು. 2025ರ ಜೂನಿನಲ್ಲಿ ಅರಣ್ಯ ಇಲಾಖೆ ಅದರಲ್ಲಿ 120 ಎಕರೆಯನ್ನು ವಶಕ್ಕೆ ತೆಗೆದುಕೊಂಡಾಗ, ಅಲ್ಲಿ ಉಳುಮೆ ಮಾಡುತ್ತಿದ್ದ ದಲಿತ ರೈತರು ಪ್ರತಿಭಟಿಸಿದರು. ಮಿಕ್ಕ ಭೂಮಿಯ ಬಹುಭಾಗದಲ್ಲಿ ಕಟ್ಟಡಗಳು, ಕಾರ್ಖಾನೆಗಳು, ರಸ್ತೆಗಳು. ಮನೆಬಾಗಿಲ ಕಾಡು ಹೋದದ್ದನ್ನು ಕೇಳದ ನಗರ ಪರರ ಕಡಲಲ್ಲಿ ‘ನಿಸರ್ಗ’ವನ್ನು ಹುಡುಕುತ್ತದೆ.

ಇದು ಕರಾವಳಿಯವರ ಪಾಡು ಮಾತ್ರವೆಂದು ಮಲೆನಾಡು ಸುಮ್ಮನಿರುವಂತಿಲ್ಲ. ಡಾಲ್ಫಿನ್ ಮೀನು ಹುಡುಕುವ ಅಳಿವೆಗೆ ನೀರು ಹೋಗುವುದು ಘಟ್ಟದಿಂದ. ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳು ಕಾಳಿಯ ಹರಿವನ್ನು ಈಗಾಗಲೇ ಬದಲಿಸಿವೆ.

ದಿನಕ್ಕೆ ಎಷ್ಟು ದೋಣಿ, ಎಷ್ಟು ದೂರ, ಎಷ್ಟು ಹೊತ್ತು ಎಂಬುದನ್ನು ಸರ್ಕಾರ ನಿಗದಿಪಡಿಸಲಿ. ಡಾಲ್ಫಿನ್ ಕಂಡೊಡನೆ ಎಂಜಿನ್ ತಗ್ಗಬೇಕು. ಮರಿಯಿರುವ ಗುಂಪಿನ ಹತ್ತಿರಕ್ಕೆ ದೋಣಿ ಹೋಗಕೂಡದು. ಪರವಾನಗಿ ಸ್ಥಳೀಯ ಮೀನುಗಾರರ ಸಂಘಗಳಿಗೇ ಸಿಗಬೇಕು, ಹೊರಗಿನ ರೆಸಾರ್ಟುಗಳಿಗಲ್ಲ. ಈ ನಿಯಮಗಳನ್ನು ಬರೆಯುವ ಸಭೆ ಬೆಂಗಳೂರಿನ ಹೋಟೆಲಿನಲ್ಲಿ ನಡೆಯದಿರಲಿ, ಕಾರವಾರದ ಮೀನುಪೇಟೆಯ ಪಕ್ಕದಲ್ಲಿ ನಡೆಯಲಿ.