ಏನು ಕೇಳ್ತಿದ್ದೀರಿ ಅಂದವರಿಗೆ

ಹಾಸ್ಟೆಲಿನ ಜಗಲಿಯಲ್ಲಿ, ಪಟ್ಟಣದ ಕಾಫಿ ಅಂಗಡಿಯಲ್ಲಿ, ಅಂಗೈಯೊಳಗಿನ ಮೊಬೈಲಿನಲ್ಲಿ ಈಗ ಒಂದೇ ಪ್ರಶ್ನೆ ಓಡಾಡುತ್ತಿದೆ. 'ಈಗ ಏನು ಕೇಳ್ತಿದ್ದೀರಿ?' ಒಬ್ಬ ತನ್ನ ಪಟ್ಟಿ ಇಡುತ್ತಾನೆ, ಇನ್ನೊಬ್ಬ ತನ್ನದು ಇಡುತ್ತಾನೆ. ಹತ್ತು ಆಲ್ಬಮ್ಮಿನ ಹೆಸರು, ಹತ್ತು ರಟ್ಟಿನ ಚಿತ್ರ. ಬಾಬ್ ಮಾರ್ಲಿ ಇರುತ್ತಾನೆ, ಭೀಮಸೇನ ಜೋಶಿ ಇರುತ್ತಾರೆ, ಇಳಯರಾಜ ಇರುತ್ತಾರೆ, ಮಧ್ಯೆ ಒಂದು ಭಾವಗೀತೆ, ಕೊನೆಗೆ ಅಮೆರಿಕದ ಒಂದು ರ‍್ಯಾಪು. ವರ್ಷ ಮುಗಿಯುವಾಗ ಹಾಡು ಮಾರುವ ಕಂಪನಿಯೇ ಲೆಕ್ಕ ಹಾಕಿ, ನೀನು ಇಷ್ಟು ಕೇಳಿದೆ ನೋಡು ಅಂತ ಬಣ್ಣದ ಚೀಟಿ ಕೊಡುತ್ತದೆ. ಅದನ್ನು ಊರಿಗೆಲ್ಲ ತೋರಿಸುವುದೇ ಸಡಗರ.

ಇದರಲ್ಲಿ ತಪ್ಪೇನಪ್ಪ ಅಂತ ಕೇಳಬಹುದು. ಹಾಡು ಕೇಳುವುದರಲ್ಲಿ ತಪ್ಪಿಲ್ಲ. ದುಡಿದ ಮೈಗೆ ಅನ್ನದಷ್ಟೇ ಹಾಡೂ ಬೇಕು. ನಾಟಿ ಹಾಕುವಾಗ ಹಾಡಿದವರು, ರಾಗಿ ಬೀಸುವಾಗ ಹಾಡಿದವರು ನಮ್ಮ ತಾಯಂದಿರು. ನಾವು ಸಂಗೀತದ ವೈರಿಗಳಲ್ಲ. ಆದರೆ ಪಟ್ಟಿ ಅಂದರೆ ಒಂದು ಲೆಕ್ಕ. ಲೆಕ್ಕ ಅಂದ ಮೇಲೆ ಯಾರನ್ನು ಎಣಿಸಿದಿರಿ, ಯಾರನ್ನು ಬಿಟ್ಟಿರಿ ಎಂದು ಕೇಳುವ ಹಕ್ಕು ನಮಗಿದೆ. ಎಲ್ಲ ಪಟ್ಟಿಗಳಿಂದಲೂ ಹೊರಗೆ ಉಳಿದವರ ಮಕ್ಕಳು ನಾವು.

ಮೊದಲು ಹೆಸರಿನ ಮಾತು. 1902ರಲ್ಲಿ ಗ್ರಾಮಫೋನ್ ಕಂಪನಿಯವರು ಯಂತ್ರ ಹೊತ್ತು ಕಲ್ಕತ್ತೆಗೆ ಬಂದರು. ಮರ್ಯಾದಸ್ಥರ ಮನೆಯವರು ಮುಂದೆ ಬರಲಿಲ್ಲ. ಬಂದವರು ತವಾಯಫ್ ಹೆಂಗಸರು. ಸಮಾಜ ಅವರ ಹಾಡನ್ನು ರಾತ್ರಿ ಕೇಳಿ ಹಗಲು ಅವರನ್ನೇ ಬಯ್ಯುತ್ತಿತ್ತು. ಅವರಲ್ಲಿ ಗೌಹರ್ ಜಾನ್ ಒಬ್ಬಳು. ಮೂರು ನಿಮಿಷದಲ್ಲಿ ಹಾಡು ಮುಗಿಸಿ, ಕೊನೆಗೆ ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ತಾನೇ ಕೂಗಿ ಹೇಳಿದಳು. ಪ್ಲೇಟು ಅಚ್ಚಾಗುತ್ತಿದ್ದುದು ದೂರದ ಜರ್ಮನಿಯಲ್ಲಿ. ಅಲ್ಲಿಯವರಿಗೆ ಹಾಡಿದವಳು ಯಾರೆಂದು ತಿಳಿಯಬೇಕಲ್ಲ, ಅದಕ್ಕೆ. ಆಕೆ 1930ರಲ್ಲಿ ತೀರಿಕೊಂಡದ್ದು ನಮ್ಮ ಮೈಸೂರಿನಲ್ಲಿ. ಆ ಪ್ಲೇಟು ಹಾಕಿದರೆ ಹೆಸರು ಈಗಲೂ ಕೇಳಿಸುತ್ತದೆ. ಹೇಳಿದಳು, ಅದಕ್ಕೆ ಉಳಿಯಿತು. ಹೇಳುವುದಕ್ಕೆ ಎಡೆಯೇ ಸಿಗದ ಲಕ್ಷಾಂತರ ಜನರ ಗತಿ ಏನು?

ಕ್ಯಾಸೆಟ್ಟಿನ ಕಾಲ ಬಂತು. 1978ರಲ್ಲಿ 'ನಿತ್ಯೋತ್ಸವ' ಹೊರಬಂತು. ಕವಿ ನಿಸಾರ್ ಅಹಮದ್, ಸ್ವರ ಹಾಕಿದವರು ಮೈಸೂರು ಅನಂತಸ್ವಾಮಿ. ಇಬ್ಬರ ಹೆಸರೂ ಕನ್ನಡಿಗರ ಬಾಯಲ್ಲಿದೆ, ಇರಲೇಬೇಕು. ಅದೇ ಅಂಗಡಿಯಲ್ಲಿ ಪಕ್ಕದಲ್ಲೇ ಇನ್ನೊಂದು ಬಗೆಯ ಕ್ಯಾಸೆಟ್ಟು ಇರುತ್ತಿತ್ತು. ಅದರ ರಟ್ಟಿನ ಮೇಲೆ ಹಾಡಿದ ಪ್ಯಾಟೆಯ ಗಾಯಕರ ಫೋಟೋ. ಕೆಳಗೆ ಸಣ್ಣ ಅಕ್ಷರದಲ್ಲಿ 'ಸಾಹಿತ್ಯ: ಜಾನಪದ'. ಯಾರ್ರೀ ಈ ಜಾನಪದ? ಯಾವ ಊರು? ಯಾವ ಕೇರಿ? ರಾಯಧನ ಯಾವ ವಿಳಾಸಕ್ಕೆ ಕಳಿಸುತ್ತೀರಿ? ಹೊಲಗೇರಿಯ, ಮಾದಿಗರ ಹಟ್ಟಿಯ, ಜೋಗಿಗಳ ಗುಡಿಸಲಿನ ಮುದುಕಿಯೊಬ್ಬಳು ಪದ ಹೇಳಿದಳು. ವಿದ್ವಾಂಸರು ಬರೆದುಕೊಂಡು ಹೋದರು. ಅವರ ಪುಸ್ತಕದ ಮೇಲೆ ಅವರ ಹೆಸರು ಬಂತು. ಕ್ಯಾಸೆಟ್ಟಿನ ಮೇಲೆ ಗಾಯಕರ ಹೆಸರು ಬಂತು. ಮುದುಕಿ ಜಾನಪದವಾದಳು. ಹೆಸರು ಕೇಳದೆ ಬಿಟ್ಟವರಿಗೆ ಈ ನಾಡು ಇಟ್ಟಿರುವ ಹೆಸರು ಜಾನಪದ.

'ಛೆ, ಸಂಗೀತಕ್ಕೆ ಯಾಕ್ರೀ ಜಾತಿ ತರ್ತೀರಿ?' ಎನ್ನುವವರು ಇಲ್ಲಿ ಎದ್ದು ನಿಲ್ಲುತ್ತಾರೆ. ನಾವು ತರಲಿಲ್ಲ ಸ್ವಾಮಿ, ಅದು ಮೃದಂಗದ ಮೈಮೇಲೇ ಇದೆ. ಮೃದಂಗದ ಮುಚ್ಚಿಗೆಗೆ ಹಸುವಿನ ಚರ್ಮ ಬೇಕು, ಆಡಿನ ಚರ್ಮ ಬೇಕು, ಎಮ್ಮೆಯ ಚರ್ಮ ಬೇಕು. ಅದನ್ನು ಆರಿಸಿ, ಹದ ಮಾಡಿ, ಕೊಯ್ದು, ಬಿಗಿದು, ನಾದಕ್ಕೆ ಕೂರಿಸುವವನು ಬೇಕು. ತಂಜಾವೂರು, ಮದರಾಸಿನ ಕಡೆ ಈ ಕೆಲಸ ಮಾಡಿದವರಲ್ಲಿ ಹೆಚ್ಚಿನವರು ದಲಿತ ಕ್ರೈಸ್ತರು. ಪಾಲ್ಘಾಟ್ ಮಣಿ ಅಯ್ಯರ್ ಹೆಸರು ಸಂಗೀತ ಬಲ್ಲವರಿಗೆಲ್ಲ ಗೊತ್ತು. ಅವರಿಗೆ ಮೃದಂಗ ಕಟ್ಟಿಕೊಟ್ಟ ಪರ್ಲಾಂದು ಎಂಬುವನ ಹೆಸರು ಎಷ್ಟು ಜನಕ್ಕೆ ಗೊತ್ತು? ಈ ಕಟ್ಟುವವರ ಚರಿತ್ರೆಯನ್ನು ಗಾಯಕ ಟಿ. ಎಂ. ಕೃಷ್ಣ 2020ರಲ್ಲಿ 'ಸೆಬಾಸ್ಟಿಯನ್ ಅಂಡ್ ಸನ್ಸ್' ಎಂಬ ಪುಸ್ತಕವಾಗಿ ತಂದರು. ಬಿಡುಗಡೆಗೆ ಚೆನ್ನೈನ ಕಲಾಕ್ಷೇತ್ರ ಮೊದಲು ಸಭಾಂಗಣ ಕೊಟ್ಟಿತ್ತು. ಪುಸ್ತಕದ ಒಂದು ಭಾಗ ಪತ್ರಿಕೆಯಲ್ಲಿ ಬಂದದ್ದೇ ತಡ, ಅನುಮತಿ ವಾಪಸು ಪಡೆಯಿತು. ಪುಸ್ತಕ ಬೇರೆ ಕಡೆ ಬಿಡುಗಡೆಯಾಯಿತು. ಹಸುವಿನ ಚರ್ಮದಿಂದ ಹೊರಟ ನಾದ ಸಭೆಗೆ ಬರಬಹುದು. ಆ ಚರ್ಮದ ಮಾತು, ಆ ಚರ್ಮ ಮುಟ್ಟಿದ ಕೈಯ ಮಾತು ಬರಕೂಡದು. ಈಗ ಹೇಳಿ, ಜಾತಿ ತಂದವರು ಯಾರು?

ಇದು ಶಾಸ್ತ್ರೀಯ ಸಂಗೀತದವರ ಮಡಿವಂತಿಕೆ, ನಾವು ಕೇಳುವುದು ಬಂಡಾಯದ ಸಂಗೀತ ಎಂದು ನಮ್ಮ ಕೆಲವು ವಿದ್ಯಾರ್ಥಿ ಗೆಳೆಯರು ಹೇಳಬಹುದು. ಅವರ ಪಟ್ಟಿಯ ತುಂಬ ಕರಿಯರ ಹಾಡು. ಸಂತೋಷ. 1972ರಲ್ಲಿ ಮುಂಬಯಿಯ ದಲಿತ ಯುವಕರು ಅಮೆರಿಕದ ಬ್ಲ್ಯಾಕ್ ಪ್ಯಾಂಥರ್ ಹೆಸರಿನ ಕಿಡಿಯಿಂದಲೇ ದಲಿತ ಪ್ಯಾಂಥರ್ಸ್ ಕಟ್ಟಿದ್ದು. ಆ ನೆಂಟಸ್ತಿಕೆ ಹಳೆಯದು. ಆದರೆ ಅಲ್ಲಿಯ ಕಥೆಯನ್ನೂ ಪೂರ್ತಿ ಕೇಳಿ. 1969ರಲ್ಲಿ 'ದಿ ವಿನ್‌ಸ್ಟನ್ಸ್' ಎಂಬ ತಂಡ 'ಆಮೆನ್, ಬ್ರದರ್' ಎಂಬ ಪ್ಲೇಟು ಮಾಡಿತು. ಅದರ ನಡುವೆ ಗ್ರೆಗರಿ ಕೋಲ್ಮನ್ ಎಂಬ ಕರಿಯ ಡ್ರಮ್ಮು ಬಾರಿಸುವವನು ಆರೇಳು ಸೆಕೆಂಡು ಒಬ್ಬನೇ ಬಾರಿಸಿದ. ಮುಂದೆ ಆ ಆರೇಳು ಸೆಕೆಂಡನ್ನು ಕತ್ತರಿಸಿ, ಅಂಟಿಸಿ, ಸಾವಿರಾರು ಹಾಡು ಮಾಡಿದರು. ರ‍್ಯಾಪಿನವರು ಬಳಸಿದರು, ಲಂಡನ್ನಿನ ಕುಣಿತದ ಸಂಗೀತದವರು ಬಳಸಿದರು. ಆ ಹಾಡುಗಳಿಂದ ಕೋಲ್ಮನ್ನನಿಗೆ ಬಿಡಿಗಾಸು ಬರಲಿಲ್ಲ. 2006ರಲ್ಲಿ ಅವನು ಮನೆಮಠವಿಲ್ಲದೆ ಸತ್ತ. ಅಭಿಮಾನಿಗಳಿಗೆ ನಾಚಿಕೆಯಾಗಿ ಚಂದಾ ಎತ್ತಿ ತಂಡದ ನಾಯಕನಿಗೆ ಹಣ ಕೊಟ್ಟದ್ದು 2015ರಲ್ಲಿ. ಬಾರಿಸಿದವನು ಮಣ್ಣು ಸೇರಿ ಒಂಬತ್ತು ವರ್ಷವಾಗಿತ್ತು. ನಿಮ್ಮ ಪಟ್ಟಿಯಲ್ಲಿ ಅವನ ಕೈ ಎಷ್ಟು ಸಲ ಬಂದಿದೆಯೋ ನಿಮಗೇ ಗೊತ್ತಿಲ್ಲ.

ಬಂಡವಾಳಶಾಹಿ ಇವತ್ತು ಈ ಕೆಲಸವನ್ನು ಕತ್ತರಿ ಹಿಡಿಯದೆಯೇ ಮಾಡುತ್ತದೆ. ಸ್ಪಾಟಿಫೈ ಕಂಪನಿ 2024ರಲ್ಲಿ ಒಂದು ನಿಯಮ ಜಾರಿಗೆ ತಂದಿತು. ಹನ್ನೆರಡು ತಿಂಗಳಲ್ಲಿ ಒಂದು ಸಾವಿರ ಸಲವಾದರೂ ಜನ ಕೇಳದ ಹಾಡಿಗೆ ರಾಯಧನ ಇಲ್ಲ. ನಮ್ಮ ತಾಲ್ಲೂಕಿನ ತತ್ವಪದದವನು ಕಷ್ಟಪಟ್ಟು ಒಂದು ಹಾಡು ಹಾಕಿದ ಅನ್ನಿ. ಒಂಬೈನೂರು ಸಲ ಕೇಳಿದರೂ ಅವನಿಗೆ ಸೊನ್ನೆ. ಹೆಚ್ಚು ಜನ ಕೇಳಿದವರಿಗೇ ಹಣ, ಹಣ ಇದ್ದವರಿಗೇ ಪ್ರಚಾರ, ಪ್ರಚಾರ ಆದದ್ದನ್ನೇ ಎಲ್ಲರೂ ಕೇಳುವುದು. ಕಂಪನಿ ಕೊಟ್ಟ ಬಣ್ಣದ ಚೀಟಿಯನ್ನು 'ನನ್ನ ಅಭಿರುಚಿ' ಅಂತ ತೋರಿಸುವ ಮೊದಲು ಈ ಚಕ್ರವನ್ನು ನೋಡಬೇಕು.

ಆಲ್ಬಮ್ಮು ಎಂಬ ಅಳತೆಯೇ ಯಾರದು? ಮೊದಲ ಪ್ಲೇಟು ಒಂದು ಬದಿಗೆ ಮೂರು ನಿಮಿಷ. ಆಮೇಲಿನ ಕ್ಯಾಸೆಟ್ಟು ಬದಿಗೆ ಅರ್ಧ ಗಂಟೆ. ಮೈಸೂರು, ಮಂಡ್ಯ, ಚಾಮರಾಜನಗರದ ನೀಲಗಾರರು ತಂಬೂರಿ ಮೀಟಿ ಮಂಟೇಸ್ವಾಮಿ ಕಥೆ ತೆಗೆದರೆ ಬೆಳಗಾಗುತ್ತದೆ, ಆದರೂ ಕಥೆ ಮುಗಿಯುವುದಿಲ್ಲ. ಕಲ್ಯಾಣದ ಶರಣರನ್ನೇ ಪರೀಕ್ಷೆಗೆ ಹಚ್ಚಿದ ಆ ಮಹಾಕಾವ್ಯವನ್ನು ಯಾವ ರಟ್ಟಿನ ಪೆಟ್ಟಿಗೆಗೆ ತುರುಕುತ್ತೀರಿ? ಯಂತ್ರಕ್ಕೆ ಹಿಡಿಸಿದ್ದು ಸಂಗೀತವಾಯಿತು. ಹಿಡಿಸದ್ದು ಹಿನ್ನೆಲೆ ಸದ್ದಾಯಿತು.

ಬಡವರೇ ಯಂತ್ರವನ್ನು ಕೈಗೆ ತೆಗೆದುಕೊಂಡ ಕಡೆ ಬೇರೆ ನಡೆದಿದೆ. ಮಹಾರಾಷ್ಟ್ರದಲ್ಲಿ ವಾಮನದಾದಾ ಕರ್ಡಕರಂಥ ಶಾಹೀರರು ಊರೂರು ಅಲೆದು ಅಂಬೇಡ್ಕರರ ಪದ ಹಾಡಿದರು. ಡಿಸೆಂಬರ್ 6ಕ್ಕೆ ದಾದರಿನ ಚೈತ್ಯಭೂಮಿಗೆ ಹೋದವರು ನೋಡಿರುತ್ತಾರೆ. ಪುಸ್ತಕದ ಅಂಗಡಿ ಪಕ್ಕ ಭೀಮಗೀತೆಗಳ ಕ್ಯಾಸೆಟ್ಟಿನ ಅಂಗಡಿ, ಆಮೇಲೆ ಸಿಡಿಯ ಅಂಗಡಿ. ಕೂಲಿಯವನು ಆ ದಿನದ ಕೂಲಿ ಬಿಟ್ಟು ಬಂದು ಕೊಂಡುಕೊಂಡ ಆಲ್ಬಮ್ಮು ಅದು. ಚೆನ್ನೈನಲ್ಲಿ 2018ರಲ್ಲಿ ಪಾ. ರಂಜಿತ್ ಬೆಂಬಲದಿಂದ 'ದಿ ಕ್ಯಾಸ್ಟ್‌ಲೆಸ್ ಕಲೆಕ್ಟಿವ್' ಎದ್ದಿತು. ಜಾತಿ ಇಲ್ಲದವರು ಎಂಬ ಅಯೋತಿ ದಾಸರ ಮಾತನ್ನೇ ಹೆಸರು ಮಾಡಿಕೊಂಡು, ಸಾವಿನ ಮನೆಯ ಗಾನಾ ಹಾಡನ್ನು ವೇದಿಕೆಗೆ ತಂದರು. ನಮ್ಮಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' 1975ರಲ್ಲಿ ಬಂತು. ಆ ಹಾಡುಗಳು ಯಾವ ಕಂಪನಿಗೂ ಕಾಯಲಿಲ್ಲ. ಮೆರವಣಿಗೆಯಲ್ಲಿ ಬಾಯಿಂದ ಬಾಯಿಗೆ ಹೋದವು. ಇವನ್ನು ಕೇಳುತ್ತಿದ್ದೇವೆ ಎಂದು ಹೇಳಲು ನಮ್ಮ ಓದಿದ ಹುಡುಗರಿಗೆ ಯಾಕೆ ನಾಲಿಗೆ ಎಳೆಯುತ್ತದೆ?

ಈಗ ತಮಟೆಗೆ ಬರೋಣ. ಅಸಲಿ ತಕರಾರು ಇಲ್ಲೇ ಇದೆ.

2023ರಲ್ಲಿ ಚಿಕ್ಕಬಳ್ಳಾಪುರದ ಕಡೆಯ ತಮಟೆ ಕಲಾವಿದ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂತು. ನಮಗೂ ಹೆಮ್ಮೆ. ಕಾಲೇಜು ಉತ್ಸವದಲ್ಲಿ, ರಾಜಕೀಯದವರ ಮೆರವಣಿಗೆಯಲ್ಲಿ, ಸಿನಿಮಾ ಹಾಡಿನಲ್ಲಿ ಈಗ ತಮಟೆ ಬೇಕೇ ಬೇಕು. 'ಏನ್ ಮಜಾ ಇದೆ ಕಣೋ ಈ ಬೀಟು' ಅನ್ನುತ್ತಾರೆ. ಮಜಾ ಇದೆ. ಆದರೆ ಹಳ್ಳಿಯಲ್ಲಿ ಅದೇ ತಮಟೆಯ ಚರಿತ್ರೆ ಬೇರೆ. ಊರ ಹಬ್ಬಕ್ಕೆ ಬಾರಿಸು, ಗೌಡರ ಮನೆ ಸಾವಿಗೆ ಬಾರಿಸು, ಸರ್ಕಾರಿ ಸುದ್ದಿ ಸಾರು. ಕೊಟ್ಟಷ್ಟು ತಗೊ, ದೂರ ನಿಂತು ಉಣ್ಣು. ಜಾತ್ರೆಯಲ್ಲಿ ದೇವರ ಮುಂದೆ ನಡೆಯುವವನು ಅವನು. ದೇವರು ಗುಡಿ ಹೊಕ್ಕ ಮೇಲೆ ಹೊರಗೆ ಉಳಿಯುವವನೂ ಅವನೇ. ಇದಕ್ಕೇ ದಲಿತ ಚಳವಳಿಯ ಹುಡುಗರು 'ಸತ್ತ ದನ ಹೊರೋದಿಲ್ಲ, ತಮಟೆ ಬಾರಿಸೋದಿಲ್ಲ' ಅಂದದ್ದು. ಹಾಗೆಂದ ಕೇರಿಗಳಿಗೆ ಕೂಲಿ ನಿಂತಿತು, ಅಂಗಡಿಯ ಸಾಮಾನು ನಿಂತಿತು, ನೀರು ನಿಂತಿತು.

ಆದ್ದರಿಂದ ನಮ್ಮೊಳಗೇ ಎರಡು ಮಾತಿದೆ. ತಮಟೆ ಗುಲಾಮಗಿರಿಯ ಗುರುತು, ಬೆಂಕಿಗೆ ಹಾಕಿ ಎನ್ನುವವರಿದ್ದಾರೆ. ಅದು ನಮ್ಮ ಹಿರಿಯರ ವಿದ್ಯೆ, ಎತ್ತಿ ಹಿಡಿಯಿರಿ ಎನ್ನುವವರಿದ್ದಾರೆ. ಇಬ್ಬರ ನೋವೂ ನಿಜ. ನಾವು ಹೇಳುವುದು ಇಷ್ಟು. ತೊಗಲಿನಲ್ಲಿ ಗುಲಾಮಗಿರಿ ಇಲ್ಲ, 'ಆಗೋದಿಲ್ಲ' ಅನ್ನಲಾಗದ ಸ್ಥಿತಿಯಲ್ಲಿದೆ. ಬೆಂಕಿಗೆ ಹಿಡಿದು ಕಾಯಿಸಿದ ಅದೇ ತಮಟೆ ಧಣಿಯ ಅಂಗಳದಲ್ಲಿ ಬಿಟ್ಟಿಚಾಕರಿ, ಹೋರಾಟದ ಮುಂದಾಳತ್ವದಲ್ಲಿ ರಣಕಹಳೆ. ಬಾರಿಸುವವನು ಬೇಡ ಅಂದರೆ ಬಿಡುವ ಹಕ್ಕು ಪಡೆದ ದಿನ ಅದು ಕಲೆ. ಅಲ್ಲಿಯವರೆಗೆ ನಿಮ್ಮ ಮೊಬೈಲಿನಲ್ಲಿ ಕೇಳಿಸುವ ಆ 'ಬೀಟು' ಯಾರದೋ ಬೆನ್ನ ಮೇಲಿನ ಪೆಟ್ಟೂ ಆಗಿರಬಹುದು.

ಈ ಹಕ್ಕು ಭಿಕ್ಷೆಯಲ್ಲ. ಸಂವಿಧಾನದ 23ನೆಯ ವಿಧಿ ಬಿಟ್ಟಿಚಾಕರಿಯನ್ನು ನಿಷೇಧಿಸಿದೆ. 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ ದಲಿತರಿಂದ ಬಿಟ್ಟಿ ಮಾಡಿಸುವುದು ಅಪರಾಧ. ಅದರ 2015ರ ತಿದ್ದುಪಡಿಯಿಂದ ಸಾಮಾಜಿಕ, ಆರ್ಥಿಕ ಬಹಿಷ್ಕಾರವೂ ಅಪರಾಧ. ಹಾಡಿದವರ, ನುಡಿಸಿದವರ ಪಾಲಿಗೂ ಕಾನೂನಿದೆ. 2012ರ ತಿದ್ದುಪಡಿಯಾದ ಹಕ್ಕುಸ್ವಾಮ್ಯ ಕಾಯ್ದೆ ಅವರ ಪ್ರದರ್ಶನವನ್ನು ವ್ಯಾಪಾರಕ್ಕೆ ಬಳಸಿದರೆ ರಾಯಧನ ಕೇಳುವ ಹಕ್ಕು ಕೊಟ್ಟಿದೆ. ಕಾಗದದಲ್ಲಿ ಇರುವುದನ್ನು ಕೇರಿಗೆ ತರುವ ಕೆಲಸ ಯಾರದು? ಓದು ಬಲ್ಲವರದು.

ಹಳ್ಳಿಯ ಮೇಷ್ಟ್ರುಗಳೇ, ನಿಮಗೆ ಒಂದು ಮಾತು. ನಿಮ್ಮೂರಿನಲ್ಲಿ ಸೋಬಾನೆ ಹೇಳುವವರು, ತತ್ವಪದದವರು, ನೀಲಗಾರರು, ತಮಟೆ, ಅರೆ, ಡೊಳ್ಳಿನವರು ಯಾರಿದ್ದಾರೆ? ಮಕ್ಕಳ ಕೈಲಿ ಅವರ ಹೆಸರು ಬರೆಸಿ. ಮೊಬೈಲಿನಲ್ಲಿ ಹಾಡು ಹಿಡಿಯುವ ಮೊದಲು ಒಪ್ಪಿಗೆ ಕೇಳಿ. ಹಾಡಿನ ಜೊತೆ ಹೆಸರು, ಊರು ಹಾಕಿ. ಶಾಲೆಯ ವಾರ್ಷಿಕೋತ್ಸವಕ್ಕೆ ಕರೆದರೆ ಸಂಭಾವನೆ ಮೊದಲೇ ಮಾತಾಡಿ, ವೇದಿಕೆಯ ಮೇಲೆ ಕುರ್ಚಿ ಹಾಕಿ, ಊಟಕ್ಕೆ ಒಂದೇ ಪಂಕ್ತಿಯಲ್ಲಿ ಕೂರಿಸಿ. ಮುಖ್ಯ ಅತಿಥಿಗೆ ಹಾರ ಹಾಕಿ ತಮಟೆಯವನಿಗೆ ಚಿತ್ರಾನ್ನದ ಪೊಟ್ಟಣ ಕೊಟ್ಟು ಕಳಿಸುವ ಅಭ್ಯಾಸ ನಿಲ್ಲಲಿ.

ಕಾರ್ಯಕರ್ತರೇ, 'ಈ ಸಲ ಬಾರಿಸೋದಿಲ್ಲ' ಅಂದ ಮನೆಯ ಜಗಲಿ ಮೇಲೆ ಆ ರಾತ್ರಿ ನೀವು ಇರಬೇಕು. ಮಾರನೆ ದಿನ ಪೊಲೀಸ್ ಠಾಣೆಗೆ ಜೊತೆಯಲ್ಲಿ ಹೋಗಬೇಕು. ನಮ್ಮ ಸಭೆಗಳಲ್ಲೂ ಭಾಷಣಕಾರನ ಬಸ್ ಚಾರ್ಜು ಮೊದಲು ಸಂದಾಯವಾಗಿ, ಹಾಡಿದವರಿಗೆ 'ಚಳವಳಿಗಾಗಿ ಹಾಡಿದಿರಿ' ಎಂಬ ಮೆಚ್ಚುಗೆ ಮಾತ್ರ ಸಿಗುವುದುಂಟು. ಅದೂ ಬಿಟ್ಟಿಯೇ.

ವಿದ್ಯಾರ್ಥಿ ಗೆಳೆಯರೇ, ಪಟ್ಟಿ ಮಾಡಿ, ಬೇಡ ಅನ್ನುವುದಿಲ್ಲ. ಮಾರ್ಲಿಯೂ ಇರಲಿ, ಜೋಶಿಯವರೂ ಇರಲಿ. ಆದರೆ ಪ್ರತಿ ಆಲ್ಬಮ್ಮಿನ ಹೆಸರಿನ ಎದುರು ಮೂರು ಮಾತು ಬರೆಯಿರಿ. ನುಡಿಸಿದವರು ಯಾರು, ವಾದ್ಯ ಕಟ್ಟಿದವರು ಯಾರು, ಅವರಿಗೆ ಏನು ಸಂದಿತು. ಗೊತ್ತಾಗದಿದ್ದರೆ ಆ ಜಾಗ ಖಾಲಿ ಬಿಡಿ, 'ಜಾನಪದ' ಎಂದು ಮಾತ್ರ ತುಂಬಬೇಡಿ. ಮುಂದಿನ ರಜೆಗೆ ಊರಿಗೆ ಹೋದಾಗ ನಿಮ್ಮ ಕೇರಿಯಲ್ಲಿ ಹಾಡುವವರ ಹತ್ತಿರ ಕೂತು ಹೆಸರು ಕೇಳಿ ಬನ್ನಿ. ಆಮೇಲೆ ಯಾರಾದರೂ 'ಈಗ ಏನು ಕೇಳ್ತಿದ್ದೀರಿ' ಅಂದರೆ, ಮೊದಲು ಆ ಹೆಸರು ಹೇಳಿ.