ಹಬ್ಬದ ಹಂಗಾಮು: ಸಣ್ಣ ಅಂಗಡಿಗೆ ರಿಯಾಯಿತಿಯೊಂದೇ ದಾರಿಯೇ?

ಮಹಾನವಮಿಯಿಂದ ಬಲಿಪಾಡ್ಯಮಿಯವರೆಗಿನ ಅವಧಿಯು ಹುಬ್ಬಳ್ಳಿಯ ಚಿಲ್ಲರೆ ವರ್ತಕರ ಪಾಲಿಗೆ ವರ್ಷದ ಬೆಳೆ ಇದ್ದಂತೆ. ದುರ್ಗದ ಬೈಲು, ಜವಳಿ ಸಾಲು, ದಾಜಿಬಾನ ಪೇಟೆಗಳ ಅರಿವೆ, ಪಾತ್ರೆ, ಪಾದರಕ್ಷೆಗಳ ಸಣ್ಣ ಅಂಗಡಿಗಳು ಈ ಕೆಲವೇ ವಾರಗಳ ವಹಿವಾಟನ್ನು ನಂಬಿಕೊಂಡು ಸಗಟು ವರ್ತಕರಿಂದ ದಾಸ್ತಾನು ತರುತ್ತವೆ, ಮಳಿಗೆಯ ಬಾಡಿಗೆ ಬಾಕಿಯನ್ನು ತೀರಿಸುತ್ತವೆ, ಕೆಲಸಗಾರರಿಗೆ ಬೋನಸ್ ಕೊಡುತ್ತವೆ. ಅಮಾವಾಸ್ಯೆಯ ಲಕ್ಷ್ಮೀಪೂಜೆಯಂದು ಹೊಸ ಕಿರ್ದಿ-ಖಾತೆ ಪುಸ್ತಕಗಳಿಗೆ ಕುಂಕುಮ ಹಚ್ಚುವಾಗ, ಹಳೆಯ ಪುಸ್ತಕದಲ್ಲಿ ನಿಜವಾಗಿ ಉಳಿದದ್ದೆಷ್ಟು ಎಂಬ ಪ್ರಶ್ನೆ ಯಾವ ಅಂಗಡಿಕಾರನನ್ನೂ ಬಿಡದು.

2014ರ ಅಕ್ಟೋಬರ್ 6ರಂದು ಫ್ಲಿಪ್‌ಕಾರ್ಟ್ ತನ್ನ ಮೊದಲ 'ಬಿಗ್ ಬಿಲಿಯನ್ ಡೇ' ನಡೆಸಿದ ನಂತರ ಹಬ್ಬವೆಂದರೆ ರಿಯಾಯಿತಿ ಎಂಬ ಸಮೀಕರಣವು ಗ್ರಾಹಕನ ಮನಸ್ಸಿನಲ್ಲಿ ಬೇರೂರಿದೆ. ಅದನ್ನು ಕಂಡು ಹತ್ತಡಿ ಅಗಲದ ಅಂಗಡಿಯೂ ಬಾಗಿಲಿಗೆ ರಿಯಾಯಿತಿಯ ಬ್ಯಾನರ್ ಕಟ್ಟುತ್ತದೆ. ದೊಡ್ಡ ಬಂಡವಾಳದ ಕಂಪನಿಯು ವರ್ಷಗಟ್ಟಲೆ ನಷ್ಟವನ್ನು ಹೊತ್ತು ಗ್ರಾಹಕರನ್ನು ಕೂಡಿಹಾಕಬಲ್ಲುದು. ಸ್ವಂತ ಉಳಿತಾಯ ಮತ್ತು ಬ್ಯಾಂಕಿನ ಓವರ್‌ಡ್ರಾಫ್ಟ್ ಮೇಲೆ ನಡೆಯುವ ಅಂಗಡಿಗೆ ಅದು ಸಾಧ್ಯವೇ ಎಂಬುದನ್ನು ಬ್ಯಾನರ್ ಕಟ್ಟುವ ಮೊದಲು ಲೆಕ್ಕ ಹಾಕಬೇಕಾದುದು ಅವಶ್ಯ.

ಲೆಕ್ಕ ಸರಳವಾಗಿದೆ. ತೆರಿಗೆಯನ್ನು ಬದಿಗಿಟ್ಟು, 800 ರೂ. ಖರೀದಿ ಬೆಲೆಯ ಸೀರೆಯನ್ನು 1,000 ರೂ.ಗೆ ಮಾರಿದರೆ 200 ರೂ. ದೊರೆಯುತ್ತದೆ. ಶೇ. 10 ರಿಯಾಯಿತಿ ಕೊಟ್ಟರೆ ಉಳಿಯುವುದು 100 ರೂ. ಅಂದರೆ ಮೊದಲಿನಷ್ಟೇ ಲಾಭ ಕಾಣಲು ಸೀರೆಗಳ ಮಾರಾಟ ಎರಡು ಪಟ್ಟಾಗಬೇಕು. ಶೇ. 15 ಕೊಟ್ಟರೆ ನಾಲ್ಕು ಪಟ್ಟು. ಶೇ. 20 ಕೊಟ್ಟರೆ ಎಷ್ಟು ಮಾರಿದರೂ ಸೊನ್ನೆ. ಇಷ್ಟು ಹೆಚ್ಚುವರಿ ಮಾರಾಟಕ್ಕೆ ಬೇಕಾದ ದಾಸ್ತಾನು, ಅದರ ಮೇಲಿನ ಬಡ್ಡಿ, ಹಬ್ಬ ಮುಗಿದ ಮೇಲೆ ಕಪಾಟಿನಲ್ಲಿ ಉಳಿಯುವ ಮಾಲು, ಇವು ಈ ಲೆಕ್ಕದಲ್ಲಿ ಸೇರಿಯೇ ಇಲ್ಲ. ಬೆಲೆಯನ್ನು ಮೊದಲು ಏರಿಸಿ ಆಮೇಲೆ ಇಳಿಸುವವರೂ ಉಂಟು. ಇಪ್ಪತ್ತು ವರ್ಷಗಳಿಂದ ಅದೇ ಅಂಗಡಿಗೆ ಬರುವ ಕುಂದಗೋಳದ ಗೃಹಿಣಿಗೆ ಅದು ತಿಳಿಯದೆಂದು ಭಾವಿಸುವುದು ಜಾಣತನವಲ್ಲ.

ಹಾಗಾದರೆ ಗ್ರಾಹಕನು ದೂರದ ಗೋದಾಮಿನ ಮಾಲಿಗೆ ಒಲಿಯುವುದು ಕೇವಲ ಬೆಲೆಗಾಗಿಯೇ? ಬೆಲೆಯೂ ಒಂದು ಕಾರಣ, ಸಂದೇಹವಿಲ್ಲ. ಆದರೆ ಇಷ್ಟವಾಗದಿದ್ದರೆ, ಅಳತೆ ಹೊಂದದಿದ್ದರೆ ಮರಳಿಸಬಹುದೆಂಬ ಧೈರ್ಯವೂ ಅಷ್ಟೇ ದೊಡ್ಡ ಕಾರಣ. ಇತ್ತ ಪೇಟೆಯ ಎಷ್ಟೋ ಅಂಗಡಿಗಳಲ್ಲಿ ಗಲ್ಲಾದ ಹಿಂದೆ, ದೇವರ ಪಟದ ಪಕ್ಕದಲ್ಲಿಯೇ, 'ಮಾರಿದ ಮಾಲನ್ನು ಹಿಂತೆಗೆದುಕೊಳ್ಳುವುದಿಲ್ಲ' ಎಂಬ ಫಲಕ ತೂಗುತ್ತಿರುತ್ತದೆ. ಹಬ್ಬದ ಖರೀದಿಯು ಬಹುಪಾಲು ಬೇರೊಬ್ಬರಿಗಾಗಿ ಮಾಡುವ ಖರೀದಿ: ಮಗಳಿಗೆ, ಅಳಿಯನಿಗೆ, ಊರಿನಲ್ಲಿರುವ ತಾಯಿಗೆ. ಅಳತೆ ತಪ್ಪುವ, ಬಣ್ಣ ಹಿಡಿಸದಿರುವ ಸಂಭವ ಆಗಲೇ ಅತಿ ಹೆಚ್ಚು. ಇಂಥ ಸಮಯದಲ್ಲಿ ಆ ಫಲಕವು ಗ್ರಾಹಕನನ್ನು ಮೆಟ್ಟಿಲಿನಿಂದಲೇ ಹಿಂದಕ್ಕೆ ಕಳಿಸುತ್ತದೆ.

ಕಾನೂನಿನ ದೃಷ್ಟಿಯಿಂದಲೂ ಆ ಫಲಕಕ್ಕೆ ಪೂರ್ಣ ಬೆಲೆಯಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ, ದೋಷಯುಕ್ತ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿಯನ್ನು ಹೇಳಿರದಿದ್ದರೆ 30 ದಿನಗಳೊಳಗೆ, ಹಿಂದಕ್ಕೆ ಪಡೆಯಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲು ಕೊಡದಿರುವುದೂ ಅದೇ ಸಾಲಿಗೆ ಸೇರುತ್ತದೆ. ಮಾಲಿನಲ್ಲಿ ದೋಷವಿಲ್ಲದಿದ್ದರೂ ಬದಲಿಸಿ ಕೊಡಬೇಕೆಂಬ ಕಡ್ಡಾಯವಿಲ್ಲ. ಆದರೆ ಕಡ್ಡಾಯವಿಲ್ಲದ್ದನ್ನು ಕೊಡುವುದರಲ್ಲಿಯೇ ವ್ಯಾಪಾರವಿದೆ.

ಇದರ ವೆಚ್ಚವೆಷ್ಟು? ಮೇಲಿನ ಬೆಲೆಯ ನೂರು ಸೀರೆಗಳು ಮಾರಾಟವಾದವೆಂದೂ, ಹತ್ತು ಮರಳಿ ಬಂದು ಬೇರೆ ಸೀರೆಗೆ ಬದಲಾದವೆಂದೂ, ಅವುಗಳಲ್ಲಿ ಎರಡು ಮಾಸಿಹೋಗಿ ಅರ್ಧ ಬೆಲೆಗೆ ಮಾರಬೇಕಾಯಿತೆಂದೂ ಭಾವಿಸಿದರೆ, ಅಂಗಡಿಗೆ ಆಗುವ ಕೊರತೆ 1,000 ರೂ. ಅದೇ ನೂರು ಸೀರೆಗಳಿಗೆ ಶೇ. 10 ರಿಯಾಯಿತಿ ಕೊಟ್ಟಿದ್ದರೆ 10,000 ರೂ. ಬದಲಿಸಲು ಬಂದವನು ಎರಡನೆಯ ಸಲ ಅಂಗಡಿಯ ಮೆಟ್ಟಿಲು ಹತ್ತುತ್ತಾನೆ, ಬರಿಗೈಯಲ್ಲಿ ಹೋಗುವುದು ಅಪರೂಪ. ಜಿಎಸ್‌ಟಿ ನೋಂದಾಯಿತ ವರ್ತಕರು ಕ್ರೆಡಿಟ್ ನೋಟ್ ಮೂಲಕ ಮರಳಿ ಬಂದ ಮಾಲಿನ ತೆರಿಗೆಯನ್ನು ಸರಿಹೊಂದಿಸಿಕೊಳ್ಳಲು ಅವಕಾಶವಿದೆ.

ಉಚಿತ ಕೊಡುಗೆ ಮತ್ತು ಲಕ್ಕಿ ಡ್ರಾಗಳ ಬಗ್ಗೆ ಎಚ್ಚರಿಕೆಯ ಮಾತೊಂದು. ಗ್ರಾಹಕನಿಗೆ ಪ್ರತ್ಯೇಕವಾಗಿ ಉಡುಗೊರೆ ಕೊಟ್ಟ ವಸ್ತುವಿನ ಮೇಲೆ ಹೂಡುವಳಿ ತೆರಿಗೆಯ ಜಮೆ ದೊರೆಯದು. 'ಒಂದು ಕೊಂಡರೆ ಒಂದು ಉಚಿತ' ಎಂಬುದನ್ನು ಮಾತ್ರ ಒಂದೇ ಬೆಲೆಗೆ ಎರಡು ವಸ್ತುಗಳ ಮಾರಾಟವೆಂದು ಪರಿಗಣಿಸಲಾಗುವುದೆಂದು 2019ರ ಮಾರ್ಚ್ ತಿಂಗಳ ಸುತ್ತೋಲೆ ಸ್ಪಷ್ಟಪಡಿಸಿದೆ. ಮಾರಾಟ ಹೆಚ್ಚಿಸಲು ನಡೆಸುವ ಅದೃಷ್ಟದ ಆಟವನ್ನಂತೂ ಗ್ರಾಹಕ ಸಂರಕ್ಷಣಾ ಕಾಯಿದೆಯೇ ಅನುಚಿತ ಪದ್ಧತಿಗಳ ಪಟ್ಟಿಯಲ್ಲಿಟ್ಟಿದೆ. ಸ್ಕೂಟರನ್ನು ಬಹುಮಾನವಾಗಿಟ್ಟು ಡ್ರಾ ನಡೆಸುವ ಉತ್ಸಾಹಿ ವರ್ತಕ ಸಂಘಗಳು ಇದನ್ನು ಓದಿಕೊಳ್ಳುವುದು ಒಳಿತು.

ನಗದಿನ ಪ್ರಶ್ನೆ ಇನ್ನೊಂದು. 2025ರ ಜುಲೈಯಲ್ಲಿ ವಾಣಿಜ್ಯ ತೆರಿಗೆಗಳ ಇಲಾಖೆಯು ಯುಪಿಐ ಜಮೆಗಳನ್ನು ಆಧರಿಸಿ ರಾಜ್ಯದ ಸಣ್ಣ ವರ್ತಕರಿಗೆ ನೋಟಿಸ್ ನೀಡಿದಾಗ ಕೆಲವರು ಕ್ಯೂಆರ್ ಫಲಕಗಳನ್ನೇ ಕಿತ್ತಿಟ್ಟರು. ಭಯ ಸಹಜವೇ. ಆದರೆ ಸರಕು ಮಾರುವವರಿಗಿರುವ 40 ಲಕ್ಷ ರೂ.ಗಳ ನೋಂದಣಿ ಮಿತಿಯು ಒಟ್ಟು ವಹಿವಾಟಿಗೆ ಸಂಬಂಧಿಸಿದ್ದು; ಹಣ ಯಾವ ದಾರಿಯಿಂದ ಬಂದಿತೆಂಬುದು ಅದರಲ್ಲಿ ಮುಖ್ಯವಲ್ಲ. ಮಿತಿ ದಾಟಿದವರಿಗೆ, 1.5 ಕೋಟಿ ರೂ. ವಹಿವಾಟಿನವರೆಗೆ, ಶೇ. 1ರ ರಾಜಿ ತೆರಿಗೆ ಪದ್ಧತಿ ಇದೆ. ಜೇಬಿನಲ್ಲಿ ನೋಟಿಲ್ಲದೆ ಪೇಟೆಗೆ ಬರುವ ಇಂದಿನ ಯುವ ಗ್ರಾಹಕನನ್ನು ಹಬ್ಬದ ದಿನ ಹಿಂದಕ್ಕೆ ಕಳಿಸುವುದು ಯಾವ ತೆರಿಗೆಗಿಂತಲೂ ದುಬಾರಿ.

ಹಳ್ಳಿಯ ಗ್ರಾಹಕನ ಸ್ಥಿತಿ ಬೇರೆ. ನವಲಗುಂದ, ಕಲಘಟಗಿ, ಶಿಗ್ಗಾವಿ ಕಡೆಯ ರೈತನ ಕೈಗೆ ದೀಪಾವಳಿಯ ಹೊತ್ತಿಗೆ ಬರುವುದು ಹೆಸರು, ಸೋಯಾ, ಶೇಂಗಾದ ಹಣ ಮಾತ್ರ. ಹತ್ತಿಯ ಹಣ ಆಮೇಲೆ, ಬ್ಯಾಡಗಿ ಮಾರುಕಟ್ಟೆಗೆ ಹೋಗುವ ಮೆಣಸಿನಕಾಯಿಯ ಹಣ ಸಂಕ್ರಾಂತಿಯ ಆಚೆಗೆ. ಈ ಅಂತರವನ್ನು ತುಂಬಿದ್ದು ಪೇಟೆಯ ಉದ್ದರಿ. ಯಾವ ಜಾಲತಾಣವೂ ರೈತನ ಮುಖ ನೋಡಿ, ಅವನ ಹೊಲದ ಬೆಳೆ ಕೇಳಿ ಉದ್ದರಿ ಕೊಡದು. ಆದರೆ ಇಳಕಲ್ ಸೀರೆ, ಗುಳೇದಗುಡ್ಡದ ಖಣ ನೇಯ್ದು ಕೊಟ್ಟ ನೋಂದಾಯಿತ ಸಣ್ಣ ಉತ್ಪಾದಕನಿಗೆ ಲಿಖಿತ ಕರಾರಿದ್ದರೂ 45 ದಿನಗಳೊಳಗೆ ಹಣ ಸಲ್ಲಬೇಕೆಂದು 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯಿದೆ ಹೇಳುತ್ತದೆ. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆದ್ದರಿಂದ ಉದ್ದರಿಗೆಂದೇ ಇಂತಿಷ್ಟು ಮೊತ್ತವನ್ನು ಹಬ್ಬಕ್ಕೆ ಮೊದಲೇ ಗೊತ್ತುಮಾಡಿ, ಅದನ್ನು ಪರಿಚಿತ ಮನೆತನಗಳಿಗಷ್ಟೇ ಮೀಸಲಿಡುವುದು ಯುಕ್ತ. ರಿಯಾಯಿತಿಯಲ್ಲಿ ಉಳಿಸಿದ ಹಣಕ್ಕೆ ಇದಕ್ಕಿಂತ ಒಳ್ಳೆಯ ವಿನಿಯೋಗವಿಲ್ಲ.

ಒಬ್ಬ ಅಂಗಡಿಕಾರನಿಂದ ಆಗದ ಕೆಲಸಗಳೂ ಇವೆ. ಜವಳಿ ಸಾಲಿನ ಇಕ್ಕಟ್ಟಿನಲ್ಲಿ ವಾಹನ ನಿಲ್ಲಿಸಲು ತಾವಿಲ್ಲದೆ ಹಿಂದಿರುಗುವ ಗ್ರಾಹಕನಿಗೆ ಯಾವ ಅಂಗಡಿಯೂ ಏಕಾಂಗಿಯಾಗಿ ಪರಿಹಾರ ಕೊಡಲಾರದು. ಹಬ್ಬದ ಮೂರು ವಾರ ಸಮೀಪದ ಶಾಲಾ ಮೈದಾನವೊಂದನ್ನು ವಾಹನ ನಿಲುಗಡೆಗೆ ಪಡೆಯುವುದು, ಮಹಾನಗರ ಪಾಲಿಕೆಯಿಂದ ದೀಪ ಮತ್ತು ಶೌಚಾಲಯದ ವ್ಯವಸ್ಥೆ ಮಾಡಿಸುವುದು ವಾಣಿಜ್ಯ ಸಂಸ್ಥೆಯೇ ವಹಿಸಿಕೊಳ್ಳಬೇಕಾದ ಕಾರ್ಯ. ಬದಲಾವಣೆಯ ನಿಯಮವನ್ನೂ ಬೀದಿಗೊಂದರಂತೆ ಬಿಡದೆ ಪೇಟೆಗೆಲ್ಲ ಒಂದೇ ಮಾಡಬಹುದು: ಬಿಲ್ಲು ತಂದರೆ, ಮಾಲು ಬಳಸಿರದಿದ್ದರೆ, ಹಬ್ಬ ಮುಗಿದ ಹದಿನೈದು ದಿನಗಳವರೆಗೆ ಬದಲಿ. ಸಂಸ್ಥೆಯ ಮುದ್ರೆಯೊಂದಿಗೆ ಇದರ ಫಲಕ ಅಚ್ಚುಹಾಕಿಸಿ ಸದಸ್ಯರಿಗೆ ಹಂಚಲು ಹೆಚ್ಚು ಖರ್ಚಿಲ್ಲ. ಘಟಸ್ಥಾಪನೆಗೆ ಒಂದು ತಿಂಗಳು ಮೊದಲು ವರ್ತಕ ಸಂಘಗಳ ಸಭೆ ಕರೆದರೆ, ಗಲ್ಲಾದ ಹಿಂದಿನ ಹಳೆಯ ಫಲಕವನ್ನು ಇಳಿಸಿ ಹೊಸದನ್ನು ತೂಗುಹಾಕಲು ಸಾಕಷ್ಟು ಸಮಯ ದೊರೆಯುತ್ತದೆ.